ಪದ ಬೇಕು, ತುರ್ತು: ಮಕ್ಕಳ ‘ಬಿಹೇವಿಯರಲ್ ಹೆಲ್ತ್’ (ಬೋರ್ಡಿಗೆ)

ಸಿಂಧನೂರಿನಿಂದ:
ನಮ್ಮಲ್ಲಿ ಮಕ್ಕಳಿಗೂ ತಂದೆ-ತಾಯಿಗೂ ಸಲಹೆ ಕೊಡುವ ಕೋಣೆ ಶುರುವಾಗುತ್ತಿದೆ. ಮೇಲಿನಿಂದ ಬಂದ ಹೆಸರು ‘ಬಿಹೇವಿಯರಲ್ ಹೆಲ್ತ್ ಸರ್ವೀಸಸ್’. ಪೇಂಟರ್ ನಾಳೆ ಬರುತ್ತಾನೆ. ‘ವರ್ತನಾ ಆರೋಗ್ಯ ಸೇವೆ’ ಅಂತ ಬರೆದು ಆಶಾ ಕಾರ್ಯಕರ್ತೆಗೆ ತೋರಿಸಿದೆ. ‘ಹುಡುಗನ ವರ್ತನೆ ಸರಿ ಇಲ್ಲ ಅಂತ ಸಾಲ್ಯಾಗ ಬೈತಾರ, ಇಲ್ಲೂ ಅದೇ ಏನ್ರಿ?’ ಅಂದರು. ‘ಮಾನಸಿಕ’ ಅಂತ ಬರೆದರೆ ಬಾಗಿಲಿಗೇ ಬರುವುದಿಲ್ಲ. ಇನ್ನೊಂದು, ಆಟಿಸಂಗೆ (ಮಗುವಿಗೆ ಮಾತಾಡಲು, ಬೇರೆಯವರ ಜೊತೆ ಬೆರೆಯಲು ಕಷ್ಟವಾಗುವ ಸ್ಥಿತಿ) ‘ಸ್ವಲೀನತೆ’ ನಡೆಯುತ್ತದಾ?

ಬಳ್ಳಾರಿಯಿಂದ:
ವರ್ತನೆ, ಆರೋಗ್ಯ, ಸೇವೆ. ಮೂರರಲ್ಲಿ ಒಂದೂ ಕನ್ನಡವಲ್ಲ. ‘ನಡೆ’ ಇರುವಾಗ ವರ್ತನೆ ಯಾಕೆ? ಆರೋಗ್ಯಕ್ಕೆ ‘ಹದುಳ’ ಇದೆ. ಹಳೆಗನ್ನಡದ ಪದುಳ, ಪಕಾರ ಹಕಾರವಾಗಿ ಹದುಳ. ‘ಮಕ್ಕಳ ನಡೆಹದುಳ ಮನೆ’ ಅನ್ನಿ, ಮುಗಿಯಿತು.

ರಾಯಚೂರಿನಿಂದ:
ಹದುಳ ಅಂತ ಬೋರ್ಡ್ ಹಾಕಿದರೆ ಖಾನಾವಳಿ ಅಂದುಕೊಂಡು ಬರುತ್ತಾರೆ. ನಿಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತು, ನಮ್ಮದು ನಿಜಾಮರ ಸೀಮೆ. ನಮ್ಮ ಅಜ್ಜಿಗೆ ಆಸ್ಪತ್ರೆ ಗೊತ್ತಿರಲಿಲ್ಲ, ದವಾಖಾನೆ ಗೊತ್ತಿತ್ತು. ಅದನ್ನೂ ಪಾರ್ಸಿ ಅಂತ ಕಿತ್ತು ಹಾಕುತ್ತೀರಾ?

ಬಳ್ಳಾರಿಯಿಂದ:
ಅಜ್ಜಿ ಅಂದದ್ದೆಲ್ಲ ಪದಕೋಶಕ್ಕೆ ಸೇರುವುದಿಲ್ಲ.

ರಾಯಚೂರಿನಿಂದ:
ನೀವು ಕಟ್ಟಿದ್ದು ಮಾತ್ರ ಸೇರುತ್ತದೆ, ಅಲ್ವಾ?

ಕುಷ್ಟಗಿಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಿಮ್ಹಾನ್ಸ್‌ನವರು 1985ರಲ್ಲಿ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯದ ಪ್ರಯೋಗ ಮಾಡಿದ್ದು ಬಳ್ಳಾರಿಯಲ್ಲೇ. ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಕಾರ್ಯಕ್ರಮ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ ಕೊಟ್ಟು, ಗುಳಿಗೆ ಅಲ್ಲೇ ಸಿಗುವಂತೆ ಮಾಡಿದರು. ಜನ ಬಂದದ್ದು ಅದಕ್ಕೆ, ಹೆಸರು ನೋಡಿ ಅಲ್ಲ.

ಇಲಾಖೆಯ ಹೆಸರನ್ನು ಸಣ್ಣದಾಗಿ ಕೆಳಗೆ ಬರೆಯಿರಿ. ಮೇಲೆ ದೊಡ್ಡದಾಗಿ ತಾಯಿ ಹೇಳುವ ದೂರನ್ನೇ ಬರೆಯಿರಿ: ‘ಮಗು ಒಂದು ಕಡೆ ಕೂಡುವುದಿಲ್ಲವಾ? ಮಾತು ತಡವಾಗಿದೆಯಾ? ಹಟ, ಅಂಜಿಕೆ ಜಾಸ್ತಿಯಾ? ಇಲ್ಲಿ ಕೇಳಿ.’ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ, 18 ವರ್ಷದವರೆಗೆ. ತೊಂದರೆ ಕಂಡರೆ ಚೀಟಿ ಕೊಟ್ಟು ಮುಂದಕ್ಕೆ ಕಳಿಸುತ್ತದೆ. ಆ ಚೀಟಿ ಹಿಡಿದ ತಾಯಿಗೆ ಈ ಬಾಗಿಲು ಇದೇ ಅಂತ ತಿಳಿಯಬೇಕು. ಹಾಗಾಗಿ ‘ಚೀಟಿ ಇದ್ದವರು ಇಲ್ಲಿ ಬನ್ನಿ’ ಅಂತಲೂ ಹಾಕಿ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರಿ ಟೆಲಿಮಾನಸ್ ನಂಬರ್ 14416 ಮರೆಯಬೇಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ.

ಆಟಿಸಂ ಅಂತಲೇ ಬರೆಯಿರಿ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಓಡಾಡುವ ತಾಯಂದಿರ ಬಾಯಲ್ಲಿ ಆ ಮಾತೇ ಇದೆ. ‘ಸ್ವಲೀನತೆ’ ಕೇಳಿದರೆ ಮಠದ ವಿಷಯ ಅನ್ನಿಸುತ್ತದೆ.

ಸಿಂಧನೂರಿನಿಂದ:
ಸರಿ. ಪ್ರಶ್ನೆಗಳು ಮೇಲೆ. ಕೆಳಗೆ ‘ಮಕ್ಕಳ ಮನಸ್ಸು, ಮಾತು, ನಡವಳಿಕೆ: ಸಲಹೆ ಮತ್ತು ಚಿಕಿತ್ಸೆ, ಉಚಿತ’. ‘ನಡತೆ’ ಬಿಟ್ಟೆ, ನಡತೆ ಪ್ರಮಾಣಪತ್ರದ ನೆನಪಾಗುತ್ತದೆ. ಪೇಂಟರ್ ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳುತ್ತಾನೆ, ಇನ್ನು ಉದ್ದ ಮಾಡಬೇಡಿ.

ಬಳ್ಳಾರಿಯಿಂದ:
‘ಉಚಿತ’ ಸಂಸ್ಕೃತ. ಅಲ್ಲಿ ಅದರ ಅರ್ಥ ‘ತಕ್ಕದ್ದು’, ಪುಕ್ಕಟೆ ಅಲ್ಲ.

ರಾಯಚೂರಿನಿಂದ:
ಹಾಗಾದರೆ ‘ಪುಕ್ಕಟೆ’ ಬರೆಯಲಿ ಬಿಡಿ.

ಬಳ್ಳಾರಿಯಿಂದ:
ಅದು ಮರಾಠಿ.