‘ಕಿವಿಯ ಹಾಲೆ’ ಅಂದರೆ ಇಡೀ ಕಿವಿಯೋ, ಓಲೆ ಹಾಕುವ ತುದಿಯೋ?

ಗೆಳೆಯರೇ, ನಮಸ್ಕಾರ.

ಒಂದು ಕಾಯಿಲೆಯ ವಿವರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರು ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್. ಓದಬೇಕಾದವರು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ಸಂಬಂಧಿಕರು: ರೋಗಿಯ ಅತ್ತೆ, ಚಿಕ್ಕಮಾವ. ಡಾಕ್ಟರು ಮರಾಠಿ-ಹಿಂದಿ ಬೆರೆಸಿ ಹೇಳಿದ್ದರಲ್ಲಿ ಅವರಿಗೆ ಅರ್ಧ ತಿಳಿದಿದೆ, ಮಿಕ್ಕಿದ್ದನ್ನು ಊಹಿಸಿಕೊಂಡಿದ್ದಾರೆ. ಆ ಊಹೆಗಳಿಂದಲೇ ಈಗ ಮನೆಯಲ್ಲಿ ತೊಂದರೆ. ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಮೊದಲು ಕಾಯಿಲೆ ಏನೆಂದು ಹೇಳುತ್ತೇನೆ. ಕಿವಿ, ಮೂಗು, ಧ್ವನಿಪೆಟ್ಟಿಗೆ, ಶ್ವಾಸನಾಳ, ಪಕ್ಕೆಲುಬುಗಳ ಮುಂತುದಿ, ಕೀಲುಗಳು, ಇಲ್ಲೆಲ್ಲ ಬಾಗುವಂಥ ಎಲುಬು ಇರುತ್ತದಲ್ಲ, ಅದೇ ಕಾರ್ಟಿಲೇಜ್. ಈ ಕಾಯಿಲೆಯಲ್ಲಿ, ರೋಗವನ್ನು ತಡೆಯಬೇಕಾದ ದೇಹದ ವ್ಯವಸ್ಥೆ ಆ ಕಾರ್ಟಿಲೇಜಿನ ಮೇಲೆಯೇ ತಿರುಗಿಬೀಳುತ್ತದೆ. ಕಣ್ಣು, ಒಳಕಿವಿ, ಹೃದಯದ ಕವಾಟಕ್ಕೂ ಪೆಟ್ಟು ಬೀಳಬಹುದು. 1923ರಲ್ಲಿ ಪ್ರಾಗ್‌ನ ವೈದ್ಯ ಯಾಕ್ಷ್-ವಾರ್ಟೆನ್‌ಹೋರ್ಸ್ಟ್ ಇದನ್ನು ಮೊದಲು ವಿವರಿಸಿದರು. ‘ರಿಲ್ಯಾಪ್ಸಿಂಗ್’ ಸೇರಿದ ಈಗಿನ ಹೆಸರು ಬಂದದ್ದು 1960ರಲ್ಲಿ. ಅಮೆರಿಕದ ಒಂದು ಅಂದಾಜಿನಂತೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಹೊಸ ರೋಗಿಗಳು. ಹೆಚ್ಚಾಗಿ 40ರಿಂದ 60 ವಯಸ್ಸಿನವರಲ್ಲಿ ಶುರುವಾಗುತ್ತದೆ.

ಈಗ ಹಾಲೆಯ ವಿಷಯ. ನನಗೆ ಜಾಸ್ತಿ ತಲೆ ಕೆಡಿಸಿರುವುದು ಇದೇ. ಶಾಲೆಯ ಪುಸ್ತಕದಲ್ಲಿ ಕಿವಿಯ ಹಾಲೆ ಅಂದರೆ ಹೊರಗೆ ಕಾಣುವ ಇಡೀ ಕಿವಿ. ಆದರೆ ಎಷ್ಟೋ ಮನೆಗಳಲ್ಲಿ ಹಾಲೆ ಅಂದರೆ ಕೆಳಗಿನ ಮೆತ್ತನೆಯ ತುದಿ, ಓಲೆ ಚುಚ್ಚಿಸುವ ಜಾಗ. ಬೇರೆ ಕಡೆ ಈ ಗೊಂದಲ ಇದ್ದರೂ ನಡೆದೀತು. ಇಲ್ಲಿ ನಡೆಯುವುದಿಲ್ಲ. ಈ ಕಾಯಿಲೆಯಲ್ಲಿ ಕಿವಿಯ ಮೇಲ್ಭಾಗ ಕೆಂಪಾಗಿ, ಊದಿ, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತದೆ. ಓಲೆಯ ಜಾಗ ಮಾತ್ರ ಸುಮ್ನೆ ಇರುತ್ತದೆ. ಅಲ್ಲಿ ಕಾರ್ಟಿಲೇಜೇ ಇಲ್ಲ, ಇರುವುದು ಕೊಬ್ಬು ಮತ್ತು ಚರ್ಮ. ಡಾಕ್ಟರಿಗೆ ಇದು ದೊಡ್ಡ ಸುಳಿವು. ಕುಷ್ಠದ ಒಂದು ಬಗೆಯಲ್ಲಿ ಓಲೆಯ ಜಾಗವೂ ದಪ್ಪಗಾಗುತ್ತದೆ, ಮೂಗಿನ ದಿಂಡೂ ಕುಸಿಯಬಹುದು. ಹಾಗಾಗಿ ಕೆಳತುದಿ ಊದಿದೆಯೋ ಇಲ್ಲವೋ ಎಂದು ನೋಡಿಯೇ ನೋಡುತ್ತಾರೆ. ನಾನು ‘ಕಿವಿಯ ಹಾಲೆ ಊದುತ್ತದೆ’ ಎಂದು ಬರೆದರೆ ಅತ್ತೆಯವರು ತಪ್ಪು ಜಾಗ ನೋಡುತ್ತಾ ಕೂರುತ್ತಾರೆ. ಮರಾಠಿಯಲ್ಲಿ ಮಾತಿನಲ್ಲಿ ‘ಕಾನಾಚಿ ಪಾಳಿ’ ಅಂದರೆ ಆ ಕೆಳತುದಿ. ಅದನ್ನು ಕೇಳಿದ ಚಿಕ್ಕಮಾವನಿಗೆ ನೆನಪಾದದ್ದು ರಾತ್ರಿ ಪಾಳಿ, ಪಾಪ.

ಎರಡನೆಯದು ಕಾರ್ಟಿಲೇಜಿಗೇ ಪದ. ಪುಸ್ತಕದ ‘ಮೃದ್ವಸ್ಥಿ’ ಮನೆಯವರ ಬಾಯಲ್ಲಿ ನಿಲ್ಲುವುದಿಲ್ಲ. ಮರಾಠಿಯ ‘ಕೂರ್ಚಾ’, ಹಿಂದಿಯ ‘ಉಪಾಸ್ಥಿ’ ಕೂಡ ಪುಸ್ತಕದವೇ. ‘ಮೆಲ್ಲೆಲುಬು’ ನನಗೆ ಇಷ್ಟ. ಆದರೆ ‘ಮೆತ್ತನೆ ಎಲುಬಿನ ಕಾಯಿಲೆ’ ಎಂದು ಬಿಡಿಸಿ ಹೇಳಿದ ಕೂಡಲೇ ಬಂದ ಉತ್ತರ: ‘ಎಲುಬು ಮೆತ್ತಗಾಗಿದೆಯಾ? ರಾಗಿ ಗಂಜಿ ಕೊಡಿ, ಹಾಲು ಕೊಡಿ.’ ಮಟನ್ ತಿನ್ನುವ ಮನೆಗಳಲ್ಲಿ ಆ ಕರುಂಕುರುಂ ಎನ್ನುವ ಎಲುಬಿಗೆ ಒಂದು ಹೆಸರು ಇರಲೇಬೇಕು. ನಾವು ತಿನ್ನದವರು, ನನಗೆ ಗೊತ್ತಿಲ್ಲ. ಗೊತ್ತಿದ್ದವರು ಸಂಕೋಚವಿಲ್ಲದೆ ಬರೆಯಿರಿ.

ಇನ್‌ಫ್ಲಮೇಷನ್‌ಗೆ ‘ಉರಿಯೂತ’ ಒಳ್ಳೆಯ ಪದ. ಉರಿಯೂ ಇದೆ, ಊತವೂ ಇದೆ. ಆದರೆ ಅದರ ಬದಲು ‘ಬಾವು’ ಎಂದರೆ ಕೆಲವರಿಗೆ ಕೀವು ನೆನಪಾಗುತ್ತದೆ, ಕೀವಿನಿಂದ ಸೋಂಕು, ಸೋಂಕಿನಿಂದ ಬೇರೆ ತಟ್ಟೆ, ಬೇರೆ ಲೋಟ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ಕೆಂಪಾದ ಕಿವಿಯನ್ನು ಸೋಂಕು ಎಂದುಕೊಂಡು ಮೊದಲು ಆಂಟಿಬಯಾಟಿಕ್ ಕೊಡುವುದು ಸಾಮಾನ್ಯ. ಅದರಿಂದ ಇಳಿಯದಿದ್ದಾಗ, ಅಥವಾ ಇನ್ನೊಂದು ಕಿವಿಯೂ ಊದಿಕೊಂಡಾಗ ಅನುಮಾನ ಬರುತ್ತದೆ. ಇದೊಂದನ್ನೇ ಹಿಡಿದುಕೊಡುವ ರಕ್ತಪರೀಕ್ಷೆ ಇಲ್ಲ. ಲಕ್ಷಣಗಳನ್ನು ಕೂಡಿಸಿ ನೋಡಿಯೇ ಹೇಳಬೇಕು.

ದೇಹದ ರಕ್ಷಣೆ ಹೀಗೆ ದೇಹದ ಮೇಲೆಯೇ ತಿರುಗಿಬೀಳುವುದಕ್ಕೆ ಡಾಕ್ಟರು ಹೇಳುವ ಪದ ‘ಆಟೋಇಮ್ಯೂನ್’. ಅದಕ್ಕೆ ಪತ್ರಿಕೆಗಳಲ್ಲಿ ‘ಸ್ವಯಂ ರೋಗನಿರೋಧಕ ಕಾಯಿಲೆ’ ಎಂದು ಓದಿದ್ದೇನೆ. ನನಗಂತೂ ಅದು ತಾನಾಗಿಯೇ ರೋಗ ತಡೆಯುವ ಕಾಯಿಲೆ ಎಂದು ಕೇಳಿಸುತ್ತದೆ. ಅಂಥದ್ದಿದ್ದರೆ ನಮಗೂ ಬರಲಿ, ಅಲ್ವಾ! ತಮಾಷೆ ಬಿಡಿ. ‘ರೋಗನಿರೋಧಕ’ ಎಂದ ತಕ್ಷಣ ಮನೆಯವರು ಆ ಶಕ್ತಿ ಕಡಿಮೆಯಾಗಿದೆ ಎಂದುಕೊಂಡು ಕಷಾಯ, ಅಮೃತಬಳ್ಳಿ ಶುರುಮಾಡುತ್ತಾರೆ. ಇಲ್ಲಿ ಆ ಶಕ್ತಿ ದಾರಿ ತಪ್ಪಿದೆ. ಪ್ರೆಡ್ನಿಸೊಲೋನ್ (ಇದು ಸ್ಟೆರಾಯ್ಡ್), ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ಕೊಡುವುದು ಅದನ್ನು ತಗ್ಗಿಸಲಿಕ್ಕೆ. ಒಂದು ಕೈಯಲ್ಲಿ ತಗ್ಗಿಸುವ ಮಾತ್ರೆ, ಇನ್ನೊಂದು ಕೈಯಲ್ಲಿ ಏರಿಸುತ್ತೇವೆನ್ನುವ ಕಷಾಯ! ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರ ಲಿವರಿಗೆ ತೊಂದರೆಯಾದುದನ್ನು ನಮ್ಮ ಮುಂಬೈಯ ವೈದ್ಯರೇ 2021ರಲ್ಲಿ ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಡಾಕ್ಟರನ್ನು ಕೇಳದೆ ಕೊಡಬೇಡಿ ಎಂದಂತೂ ನಾನು ಬರೆಯುತ್ತೇನೆ. ಪದವನ್ನು ‘ಆಟೋಇಮ್ಯೂನ್’ ಎಂದೇ ಇಟ್ಟು, ಪಕ್ಕದಲ್ಲಿ ಒಂದು ವಾಕ್ಯ ವಿವರಿಸುವುದು ಮೇಲು. ಎಲ್ಲ ಆಸ್ಪತ್ರೆಯಲ್ಲೂ ಅವರ ಕಿವಿಗೆ ಬೀಳುವುದು ಅದೇ ಪದ.

‘ರಿಲ್ಯಾಪ್ಸಿಂಗ್’ಗೆ ‘ಮರುಕಳಿಸುವ’ ಎನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ಊತ ಇಳಿದಾಗ ವಾಸಿಯಾಯಿತು ಎಂದು ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸಬಾರದು ಎಂದು ಕೆಳಗೆ ಸೇರಿಸಿದರೆ ಸಾಕು.

ಇನ್ನೊಂದು ಪದ ಮಾತ್ರ ಅವಸರದ್ದು. ನಮ್ಮಲ್ಲಿ ‘ಗಂಟಲು’ ಎಂದರೆ ಅನ್ನ ಇಳಿಯುವ ದಾರಿಯೂ ಹೌದು, ಉಸಿರಾಡುವ ದಾರಿಯೂ ಹೌದು. ಶ್ವಾಸನಾಳವನ್ನು ತೆರೆದಿಡುವುದು ಕಾರ್ಟಿಲೇಜಿನ ಬಳೆಗಳು. ಅವು ಸೋತರೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ಈ ಕಾಯಿಲೆಯಲ್ಲಿ ತುಂಬ ಹೆದರಬೇಕಾದದ್ದು ಇದಕ್ಕೆ. ದನಿ ಒಡೆದರೆ, ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ, ಏದುಸಿರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ‘ಗಂಟಲು ಕೆಟ್ಟಿದೆ’ ಎಂದು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತಾ ಕೂರುವಂತಿಲ್ಲ. ‘ಉಸಿರುಗೊಳವೆ’ ಎಂದು ಬರೆದರೆ ವಯಸ್ಸಾದವರಿಗೆ ತಿಳಿಯುತ್ತದೆಯೇ? ಧಾರವಾಡ, ಉಡುಪಿ, ಮೈಸೂರು ಕಡೆಯವರು ನಿಮ್ಮ ಮನೆಯ ಹಿರಿಯರನ್ನೇ ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಹಾಲೆ ಎಂದಾಗ ಅವರ ಕೈ ಕಿವಿಯ ಮೇಲಕ್ಕೆ ಹೋಗುತ್ತದೋ ಕೆಳಕ್ಕೋ, ಅದನ್ನೂ ನೋಡಿ ಬರೆಯಿರಿ. ಇನ್ನೊಂದು ವಾರದಲ್ಲಿ ಪ್ರಿಂಟ್ ತೆಗೆಸಿ ಕೊಡಬೇಕು.