ಆಸ್ಟ್ರೇಲಿಯಾದ ಪರ್ತ್‌ನ ಕಿಂಗ್ಸ್ ಪಾರ್ಕ್‌ಗೆ ಅಪ್ಪ-ಅಮ್ಮನ ಜೊತೆ ಹೋದವರು ಇದ್ದೀರಾ?

ಪರ್ತ್ ಹೊಸಬಳು: ಸೆಪ್ಟೆಂಬರ್‌ನಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಕಿಂಗ್ಸ್ ಪಾರ್ಕಿನಲ್ಲಿ ಇಲ್ಲಿನ ನಾಡಗಿಡಗಳ ತೋಟ ನೋಡಲು ಅರ್ಧ ದಿನ ಸಾಕಾ? ಅಮ್ಮನಿಗೆ ಮಂಡಿ ನೋವು.

ಕನ್ನಡಕ ಹೋಯ್ತು: ಸೆಪ್ಟೆಂಬರಾ? ನಮ್ಮ ಕಥೆ ಕೇಳಿ. ಎವರ್‌ಲಾಸ್ಟಿಂಗ್ ಹೂವು ನೆಲ ತುಂಬ ಅರಳಿತ್ತು. ಗುಲಾಬಿ, ಬಿಳಿ, ಎಸಳು ಒಳ್ಳೆ ಕಾಗದದ ಹಾಗೆ. ಅಪ್ಪ ಬಗ್ಗಿ ನೋಡುತ್ತಿದ್ದರು. ಹಿಂದಿನಿಂದ ಮ್ಯಾಗ್‌ಪೈ ಹಕ್ಕಿ ಬಂದು ತಲೆಗೆ ಕುಕ್ಕಿತು. ಗೂಡು ಕಟ್ಟುವ ಕಾಲ ಅಲ್ವಾ. ಕನ್ನಡಕ ಕಲ್ಲಿಗೆ ಬಿದ್ದು ಚೂರು. ಹೊಸದಕ್ಕೆ 410 ಡಾಲರ್, ಹೋಗಿ ಬರುವ ಟ್ಯಾಕ್ಸಿ 62. ಹನ್ನೊಂದು ದಿನ ಅವರು ಟಿವಿ ಕೂಡ ನೋಡಲಿಲ್ಲ. ಊರಲ್ಲಿ ಈಗಲೂ ಹೂವಿನ ಸುದ್ದಿಯೇ ಇಲ್ಲ, ಬರೀ ಆ ಕಪ್ಪು-ಬಿಳಿ ಹಕ್ಕಿಯ ಸುದ್ದಿ.

ಬೆಳಗಿನ ವಾಕರ್: ಟೋಪಿ ಹಾಕಿಸಬೇಕಿತ್ತು, ಅಷ್ಟೇ. ನಾವು ಬೆಳಿಗ್ಗೆ 10ರ ಉಚಿತ ಗೈಡ್ ನಡಿಗೆಗೆ ಹೋದೆವು, ಒಂದು ಪೈಸೆ ಖರ್ಚಿಲ್ಲ. ಗೈಡ್ ಅಜ್ಜಿ ಕಾಂಗರೂ ಪಾ ಹೂವನ್ನು ಹತ್ತಿರದಿಂದ ತೋರಿಸಿದರು. ಕೆಂಪು ಕಾಂಡ, ಹಸಿರು ಬೆರಳು, ಮೈಯೆಲ್ಲ ಮಖಮಲ್ ರೋಮ. ಹಕ್ಕಿ ಮಕರಂದ ಹೀರುವಾಗ ಪರಾಗ ಅದರ ನೆತ್ತಿಗೆ ಅಂಟುತ್ತದಂತೆ. ನನ್ನವಳು ಇನ್ನೂ ಅದನ್ನೇ ಹೇಳುತ್ತಾಳೆ.

ಕನ್ನಡಕ ಹೋಯ್ತು: ಟೋಪಿ ಹಾಕಿದ್ದರು ಸ್ವಾಮಿ. ಓದಿ ಮಾತಾಡಿ.

ಬೆಳಗಿನ ವಾಕರ್: ಟೋಪಿ ವಿಷಯ ನೀವು ಬರೆದೇ ಇಲ್ಲ!

ಕೋಲಾರದವಳು: ನನಗಂತೂ ಆ ತೋಟ ಸುತ್ತಲು ಮನಸ್ಸೇ ಬರಲಿಲ್ಲ. ಎಲ್ಲಿ ನೋಡಿದರೂ ನೀಲಗಿರಿ. ಊರಲ್ಲಿ ಎರಡು ಎಕರೆ ನೀಲಗಿರಿ ಬುಡ ಕೀಳಿಸಲು ಜೆಸಿಬಿಗೆ ಗಂಟೆಗೆ 1,100ರಂತೆ 46 ಗಂಟೆ. 50,600 ರೂಪಾಯಿ! ಡ್ರೈವರ್ ಊಟ ಬೇರೆ. ಕಿತ್ತ ಮೇಲೂ ಮೂಲೆಯಲ್ಲಿ ಚಿಗುರಿತು. 2017ರಲ್ಲಿ ಕರ್ನಾಟಕದಲ್ಲಿ ಹೊಸದಾಗಿ ನೆಡುವುದನ್ನೇ ನಿಲ್ಲಿಸಿದರು. ಇಲ್ಲಿ ನಿಂತು ಆಹಾ ಅನ್ನಬೇಕಾ?

ಗಿಡ ಹುಚ್ಚ: ಮೇಡಂ, ನಿಮ್ಮೂರಿನದು ಪೂರ್ವ ಆಸ್ಟ್ರೇಲಿಯಾದ ಜಾತಿ. ಈ ತೋಟದಲ್ಲಿ ಇರುವುದು ಪಶ್ಚಿಮದ 3,000 ಜಾತಿ ಗಿಡಗಳು. ಇವುಗಳ ತಪ್ಪೇನು? ಪಾರ್ಕಿನ ಬಾಗಿಲಲ್ಲಿರುವ ಫ್ರೇಸರ್ ಅವೆನ್ಯೂ ಸಾಲುಮರಗಳೇ ಪೂರ್ವದ ಕ್ವೀನ್ಸ್‌ಲ್ಯಾಂಡಿನವು. ಬೈಯುವುದಾದರೆ ಅವನ್ನು ಬೈಯಿರಿ.

ಕೋಲಾರದವಳು: ಜಾತಿ ಪಾಠ ನಮ್ಮ ಬೋರ್‌ವೆಲ್‌ಗೆ ಹೇಳಿ.

ಸವಣೂರು ಹುಡುಗ: ಜಗಳ ಬಿಟ್ಟು ಬೋಆಬ್ ಮರ ನೋಡಿ. ಗಿಜಾ ಜುಮುಲು ಅಂತ ಹೆಸರು. 2008ರಲ್ಲಿ ಉತ್ತರದ ಕಿಂಬರ್ಲಿಯಿಂದ 3,200 ಕಿಲೋಮೀಟರ್ ಲಾರಿ ಮೇಲೆ ಮಲಗಿಸಿ ತಂದರು. ಅದರ ಮುಂದೆ ನಿಂತು ನಾನು ಅತ್ತುಬಿಟ್ಟೆ. ನಮ್ಮೂರಿನ ದೊಡ್ಡಹುಣಸೆ ಮರದ್ದೇ ಹೊಟ್ಟೆ! ನಮ್ಮ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬಿತ್ತು. ಮತ್ತೆ ಎತ್ತಿ ನಿಲ್ಲಿಸಿದರು, ಚಿಗುರಿತು.

ಗಿಡ ಹುಚ್ಚ: ಹೊಟ್ಟೆ ಒಂದೇ, ಜಾತಿ ಬೇರೆ. ನಿಮ್ಮದು ಆಫ್ರಿಕಾದ್ದು.

ಸವಣೂರು ಹುಡುಗ: ನಿಮ್ಮನ್ನು ಯಾರು ಕೇಳಿದರು?

ಪರ್ತ್ ಹೊಸಬಳು: ಅಮ್ಮನ ಮಂಡಿ...?

ಬೆಳಗಿನ ವಾಕರ್: ಪಾರ್ಕಿನ ವೀಕ್ಷಣಾ ಗೋಪುರ ಡಿಎನ್‌ಎ ಟವರ್ ಹತ್ತಿಸಬೇಡಿ. 101 ಮೆಟ್ಟಿಲು. ನಾನು ಎಣಿಸಿಕೊಂಡೇ ಹತ್ತಿದ್ದು.

ಕನ್ನಡಕ ಹೋಯ್ತು: ಟೋಪಿ ಹಾಕಿಕೊಂಡಾ?