ತುರ್ತು: ಕಚ್ಚಾ ತೈಲದ ನಕ್ಷೆಯಲ್ಲಿ ‘ಡಿಕ್ಲೈನ್’ – ಕುಸಿತವೇ, ಕಡಿತವೇ, ಬತ್ತುವಿಕೆಯೇ?

ಪ್ರಶ್ನೆ

ಬಲ್ಲವರಲ್ಲಿ ಒಂದು ಮನವಿ. ಮಂಗಳೂರಿನ ಕಾಲೇಜೊಂದರ ಭೂಗೋಳ ಪ್ರದರ್ಶನಕ್ಕಾಗಿ, ದೇಶದೇಶಗಳ ಕಚ್ಚಾ ತೈಲ ಉತ್ಪಾದನೆಯ ಏರಿಳಿತವನ್ನು ತೋರಿಸುವ ದೊಡ್ಡ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅದು ಮುದ್ರಕರ ಕೈ ಸೇರಬೇಕು. ಪ್ರತಿ ದೇಶಕ್ಕೆ ಒಂದು ಗೆರೆಯಿದ್ದು, ಗೆರೆಯ ಮಗ್ಗುಲಲ್ಲಿ ಒಂದೇ ಒಂದು ಪದಕ್ಕೆ ಜಾಗವಿದೆ.

ಏರುವ ಗೆರೆಗಳಲ್ಲಿ ತೊಡಕಿಲ್ಲ. 2019ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಕಡಲಿನಿಂದ ತೈಲ ತೆಗೆದು, 2024ರಲ್ಲಿ ದಿನಕ್ಕೆ 6 ಲಕ್ಷ ಬ್ಯಾರೆಲ್ ದಾಟಿದ ಗಯಾನಾಕ್ಕೂ, ಉಪ್ಪಿನ ಪದರದ ಅಡಿಯಿಂದ ತೈಲ ತೆಗೆಯುವ ಬ್ರೆಜಿಲಿಗೂ ‘ಏರಿಕೆ’ ಎಂದರೆ ಸಾಕು. ಇಳಿಯುವ ಗೆರೆಗಳಿಗೆ ಮಾತ್ರ ಮೂಲದಲ್ಲಿ ಎಲ್ಲೆಡೆ ‘ಡಿಕ್ಲೈನ್’ ಎಂಬ ಒಂದೇ ಪದವಿದೆ: ಬ್ರಿಟನ್, ಮೆಕ್ಸಿಕೊ, ವೆನೆಜುವೆಲಾ, 2011ರ ಲಿಬಿಯಾ, 2023ರ ಸೌದಿ ಅರೇಬಿಯಾ, ಮತ್ತು ನಮ್ಮ ಭಾರತ. ಇವಕ್ಕೆಲ್ಲ ‘ಕುಸಿತ’ ಎಂದು ಬರೆದಿದ್ದೆ; ಕರಡು ತಿದ್ದಿದ ಅಧ್ಯಾಪಕರು ಸೌದಿಯ ಗೆರೆಯ ಹತ್ತಿರ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದ್ದಾರೆ. ಎಲ್ಲಕ್ಕೂ ಹೊಂದುವ ಒಂದು ಪದ ಕನ್ನಡದಲ್ಲಿದೆಯೇ? ದಯವಿಟ್ಟು ಇಂದೇ ತಿಳಿಸಿ.

ಉತ್ತರ

‘ಕುಸಿತ’ವನ್ನೇ ಉಳಿಸಿ. ಪತ್ರಿಕೆಗಳು ದಿನವೂ ಬಳಸುವ ಪದ, ವಿದ್ಯಾರ್ಥಿಗಳಿಗೂ ಪರಿಚಿತ. ಫಲಕವು ನಿಘಂಟಲ್ಲ.

ಉತ್ತರ

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪತ್ರಿಕೆಗಳು ಬಳಸುತ್ತವೆ ಎಂಬುದು ಪದವೊಂದು ಚಾಲ್ತಿಯಲ್ಲಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಅದು ಸರಿಯಾದ ಜಾಗದಲ್ಲಿದೆ ಎಂಬುದಕ್ಕಲ್ಲ. ಗೋಡೆ ಕುಸಿಯುತ್ತದೆ, ಗುಡ್ಡ ಕುಸಿಯುತ್ತದೆ, ದಣಿದವನು ಕುಸಿದು ಕೂರುತ್ತಾನೆ. ಆಧಾರ ತಪ್ಪಿ, ಬೇಡವಾಗಿಯೂ, ಹಠಾತ್ತನೆ ಕೆಳಗೆ ಬರುವುದು ಈ ಕ್ರಿಯಾಪದದ ಜೀವ. ಸೌದಿ ಅರೇಬಿಯಾ 2023ರ ಜುಲೈಯಲ್ಲಿ ತನ್ನ ಉತ್ಪಾದನೆಯನ್ನು ದಿನಕ್ಕೆ ಸುಮಾರು 1 ಕೋಟಿ ಬ್ಯಾರೆಲಿನಿಂದ 90 ಲಕ್ಷದ ಆಸುಪಾಸಿಗೆ ತಂದಾಗ ಅಲ್ಲಿ ಕುಸಿದದ್ದು ಯಾವುದೂ ಇಲ್ಲ. ಬೆಲೆಯನ್ನು ಹಿಡಿದು ನಿಲ್ಲಿಸಲು ಅದು ತಾನಾಗಿಯೇ ನಲ್ಲಿಯನ್ನು ತಿರುಗಿಸಿತು, ದಿನಕ್ಕೆ 1.2 ಕೋಟಿ ಬ್ಯಾರೆಲ್ ತೆಗೆಯುವ ಸಾಮರ್ಥ್ಯ ಅದರ ಬಳಿ ಹಾಗೆಯೇ ಇತ್ತು. ಇದಕ್ಕೆ ಕನ್ನಡದಲ್ಲಿ ‘ಕಡಿತ’ ಎಂಬ ಪದ ಮೊದಲಿನಿಂದಲೂ ಇದೆ. 2020ರ ಮೇ ತಿಂಗಳಿನಿಂದ ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಮತ್ತು ಅದರ ಜೊತೆಗೂಡಿದ ದೇಶಗಳು ಸೇರಿ ದಿನಕ್ಕೆ 97 ಲಕ್ಷ ಬ್ಯಾರೆಲ್ ಇಳಿಸಲು ಒಪ್ಪಿಕೊಂಡದ್ದೂ ಕಡಿತವೇ. ನಿಮ್ಮ ಅಧ್ಯಾಪಕರ ಪ್ರಶ್ನಾರ್ಥಕ ಚಿಹ್ನೆ ಸರಿಯಾದ ಜಾಗದಲ್ಲೇ ಬಿದ್ದಿದೆ.

ವೆನೆಜುವೆಲಾಕ್ಕೆ ಮಾತ್ರ ‘ಕುಸಿತ’ ಅಳತೆ ತೆಗೆದು ಹೊಲಿಸಿದಂತಿದೆ. 1998ರ ಸುಮಾರಿಗೆ ದಿನಕ್ಕೆ 30 ಲಕ್ಷ ಬ್ಯಾರೆಲಿಗೂ ಮೀರಿ ತೆಗೆಯುತ್ತಿದ್ದ ದೇಶ 2020ರಲ್ಲಿ 5–6 ಲಕ್ಷದ ಮಟ್ಟಕ್ಕೆ ಬಂತು. ಘೋಷಿತ ನಿಕ್ಷೇಪದ ಲೆಕ್ಕದಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿರುವ ದೇಶವದು. ನೆಲದಡಿಯ ತೈಲ ಮುಗಿದದ್ದಲ್ಲ. 2002ರ ಕೊನೆಯಲ್ಲಿ ಆರಂಭವಾದ ಮುಷ್ಕರದ ಬಳಿಕ ಸರ್ಕಾರಿ ತೈಲ ಕಂಪನಿಯಿಂದ ಸಾವಿರಾರು ಅನುಭವಿಗಳನ್ನು ಹೊರಹಾಕಲಾಯಿತು, ಬಾವಿಗಳ ನಿಗಾ ತಪ್ಪಿತು, ಹಣ ಹೂಡುವವರಿಲ್ಲವಾದರು, 2019ರಲ್ಲಿ ಅಮೆರಿಕದ ನಿರ್ಬಂಧವೂ ಬಂದು ಸೇರಿತು. ಕಟ್ಟಿದ್ದು ಬಿತ್ತು; ಆದ್ದರಿಂದ ಕುಸಿತ.

ಲಿಬಿಯಾದ್ದು ಇವೆರಡೂ ಅಲ್ಲ. ದಿನಕ್ಕೆ 16 ಲಕ್ಷ ಬ್ಯಾರೆಲಿನಷ್ಟಿದ್ದ ಉತ್ಪಾದನೆ 2011ರ ಅಂತರ್ಯುದ್ಧದಲ್ಲಿ ಬಹುತೇಕ ನಿಂತೇಹೋಗಿ, ಮರುವರ್ಷವೇ ಬಹುಪಾಲು ಹಿಂದಿರುಗಿತು. ಅದಕ್ಕೆ ‘ಸ್ಥಗಿತ’ ಎನ್ನಿ.

ಬ್ರಿಟನ್ ಮತ್ತು ಮೆಕ್ಸಿಕೊಗಳಿಗೆ ನನ್ನ ಸೂಚನೆ ‘ಬತ್ತುವಿಕೆ’. ಮೆಕ್ಸಿಕೊದ ಕಾಂತಾರೆಲ್ ಎಂಬ ಕಡಲ ತೈಲಕ್ಷೇತ್ರವನ್ನೇ ನೋಡಿ. ಒತ್ತಡ ಇಳಿಯುತ್ತಿದ್ದ ಆ ಕ್ಷೇತ್ರಕ್ಕೆ 2000ದಿಂದ ಸಾರಜನಕವನ್ನು ತುಂಬತೊಡಗಿದರು. ತೈಲ ಉಕ್ಕಿ, 2004ರ ಹೊತ್ತಿಗೆ ಅದೊಂದೇ ಕ್ಷೇತ್ರದಿಂದ ದಿನಕ್ಕೆ 20 ಲಕ್ಷ ಬ್ಯಾರೆಲ್ ದಾಟಿತು. ಮುಂದಿನ ಎಂಟು ವರ್ಷಗಳಲ್ಲಿ ಅದು ನಾಲ್ಕರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು, ಇಡೀ ದೇಶದ ಗೆರೆಯೂ ಅದರ ಜೊತೆಗೇ ಬಾಗಿತು. ಅಲ್ಲಿ ಯಾರೂ ಕಡಿತ ಮಾಡಲಿಲ್ಲ, ಯುದ್ಧವೂ ನಡೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಎಲ್ಲಕ್ಕೂ ಹೊಂದುವ ಒಂದೇ ಪದ ಬೇಕಿದ್ದರೆ ‘ಇಳಿಕೆ’ ಇದೆ, ಅದು ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಆದರೆ ಕನ್ನಡದಲ್ಲಿ ಬೇರೆ ಬೇರೆ ಪದಗಳು ಕಣ್ಣೆದುರಿಗೇ ಇರುವಾಗ, ಮೂಲದ ಬಡತನವನ್ನು ನಾವೇಕೆ ಆಮದು ಮಾಡಿಕೊಳ್ಳಬೇಕು?

ಉತ್ತರ

ಬಾಲದ ಪದದ ಬಗ್ಗೆ ಇಷ್ಟು ಚರ್ಚಿಸುವವರು ತಲೆಬರಹವನ್ನು ಯಾರೂ ನೋಡಲಿಲ್ಲವೇ? ‘ಕಚ್ಚಾ ತೈಲ ಉತ್ಪಾದನೆ’ ಎಂಬ ಮೂರು ಪದಗಳಲ್ಲಿ ಒಂದೂ ಕನ್ನಡದ್ದಲ್ಲ. ‘ಕಚ್ಚಾ’ ಹಿಂದಿಯಿಂದ ಬಂದದ್ದು, ಉಳಿದೆರಡು ಸಂಸ್ಕೃತ. ತೆಲುಗರು ‘ಮುಡಿ ಚಮುರು’ ಎಂದು ತಮ್ಮದೇ ಪದವನ್ನು ಪತ್ರಿಕೆಯಲ್ಲಿ ಅಚ್ಚುಹಾಕುತ್ತಾರೆ. ನಾವೇಕೆ ‘ಹಸಿ ಎಣ್ಣೆ’ ಎನ್ನಬಾರದು?

ಎಣ್ಣೆ ಎಂಬುದು ಎಳ್ ಮತ್ತು ನೆಯ್ ಕೂಡಿ ಆದ ಪದ, ಎಳ್ಳಿನ ಜಿಡ್ಡು. ತೈಲವೂ ತಿಲದಿಂದ ಬಂದದ್ದು, ಅದೂ ಎಳ್ಳೇ. ಎರಡೂ ಎಳ್ಳಿನಿಂದಲೇ ಹುಟ್ಟಿ ಎಲ್ಲ ಬಗೆಯ ಜಿಡ್ಡಿಗೂ ಹಬ್ಬಿರುವಾಗ, ನಮ್ಮ ಎಳ್ಳನ್ನು ಬಿಟ್ಟು ಇನ್ನೊಬ್ಬರ ಎಳ್ಳನ್ನು ಆರಿಸಿಕೊಳ್ಳುವುದಕ್ಕೆ ಕಾರಣವೇನು? ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಮೆಎಣ್ಣೆ ಎನ್ನುವ ಬಾಯಿಗೆ ಕಲ್ಲೆಣ್ಣೆ ಎನ್ನುವುದು ಕಷ್ಟವಾಗಬೇಕಿಲ್ಲ. ಪೆಟ್ರೋಲಿಯಂ ಎಂಬುದರ ಮೂಲಾರ್ಥವೂ ಕಲ್ಲಿನ ಎಣ್ಣೆ ಎಂದೇ. ‘ಉತ್ಪಾದನೆ’ಯಂತೂ ಇಲ್ಲಿ ಸುಳ್ಳು. ತೈಲವನ್ನು ಯಾರೂ ಉತ್ಪಾದಿಸುವುದಿಲ್ಲ, ಕೋಟ್ಯಂತರ ವರ್ಷ ನೆಲದಡಿ ಇದ್ದದ್ದನ್ನು ತೆಗೆಯುತ್ತಾರೆ. ‘ತೆಗೆತ’ ಎನ್ನಿ.

ಉತ್ತರ

‘ಬತ್ತುವಿಕೆ’ಗೆ ನನ್ನ ಪ್ರಬಲ ಆಕ್ಷೇಪವಿದೆ. ಬತ್ತಿತು ಎಂದರೆ ಒಳಗೆ ಏನೂ ಉಳಿದಿಲ್ಲ ಎಂದೇ ಓದುಗರು ತಿಳಿಯುತ್ತಾರೆ. ತೈಲಬಾವಿಯ ಸಂಗತಿ ಹಾಗಿಲ್ಲ. ಸಾಮಾನ್ಯವಾಗಿ ಬಂಡೆಯ ರಂಧ್ರಗಳಲ್ಲಿರುವ ತೈಲದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಯೇ ಉಳಿದುಬಿಡುತ್ತದೆ. ಒತ್ತಡ ಇಳಿಯುತ್ತದೆ, ಮೇಲೆ ಬರುವುದರಲ್ಲಿ ನೀರಿನ ಪಾಲು ಹೆಚ್ಚುತ್ತದೆ, ಕೊನೆಗೆ ತೆಗೆಯುವ ಖರ್ಚು ಬೆಲೆಯನ್ನು ಮೀರುತ್ತದೆ.

ಇನ್ನೂ ದೊಡ್ಡ ತೊಂದರೆ ಅಮೆರಿಕದ್ದು. 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್ ಮುಟ್ಟಿದ ಅದರ ಗೆರೆ 2008ರಲ್ಲಿ 50 ಲಕ್ಷಕ್ಕೆ ಬಂದಿತ್ತು. ಆ ವರ್ಷ ಈ ಫಲಕ ಮಾಡಿದ್ದರೆ ನೀವು ‘ಬತ್ತುವಿಕೆ’ ಎಂದು ಬರೆಯುತ್ತಿದ್ದಿರಿ. ಅಡ್ಡಲಾಗಿ ಕೊರೆದು, ಒತ್ತಡದ ನೀರಿನಿಂದ ಬಂಡೆಯನ್ನು ಸೀಳುವ ವಿಧಾನ ಟೆಕ್ಸಾಸ್ ಮತ್ತು ನಾರ್ತ್ ಡಕೋಟಾಗಳಲ್ಲಿ ಹಬ್ಬಿ, 2018ರಲ್ಲಿ ಅದೇ ದೇಶ 1970ರ ದಾಖಲೆಯನ್ನು ಮುರಿದು, 2023ರಲ್ಲಿ ದಿನಕ್ಕೆ 1.29 ಕೋಟಿ ಬ್ಯಾರೆಲಿಗೆ ಏರಿತು. ಬತ್ತಿದ್ದು ಹೀಗೆ ತುಂಬುತ್ತದೆಯೇ? ‘ಇಳಿಕೆ’ ಸಾಕು.

ಉತ್ತರ

ಎರಡು ಆಕ್ಷೇಪಗಳಿಗೂ ಒಟ್ಟಿಗೆ ಉತ್ತರಿಸುತ್ತೇನೆ, ಕೇಳಿದವರಿಗೆ ಸಮಯವಿಲ್ಲವಾದ್ದರಿಂದ ತಲೆಬರಹದ ಮಾತು ಮೊದಲು.

‘ಹಸಿ’ ಎಂದರೆ ಬೇಯದ್ದು, ಒಣಗದ್ದು. ಹಸಿ ಮೆಣಸಿನಕಾಯಿ, ಹಸಿ ಸೌದೆ, ಹಸಿ ಗೋಡೆ. ಫಲಕ ಓದುವ ಹುಡುಗಿಗೆ ‘ಹಸಿ ಎಣ್ಣೆ’ ಎಂದರೆ ಒಗ್ಗರಣೆಗೆ ಕಾಯಿಸದ ಎಣ್ಣೆ ಎಂದಾಗುತ್ತದೆ. ತೆಲುಗಿನ ಉದಾಹರಣೆ ಚೆನ್ನಾಗಿದೆ, ಆದರೆ ತಮಿಳರೂ ‘ಕಚ್ಚಾ ಎಣ್ಣೆಯ್’ ಎಂದೇ ಬರೆಯುತ್ತಾರೆ ಎಂಬುದನ್ನು ಅದರ ಜೊತೆಯಲ್ಲೇ ಹೇಳಬೇಕಿತ್ತು. ಎಣ್ಣೆ ತಮ್ಮದು, ಕಚ್ಚಾ ಹೊರಗಿನದು, ಅವರಿಗೆ ಅದರಿಂದ ನಿದ್ದೆಗೆಟ್ಟಿಲ್ಲ. ‘ಕಚ್ಚಾ ವಸ್ತು’, ‘ಕಚ್ಚಾ ರಸ್ತೆ’, ‘ಕಚ್ಚಾ ಲೆಕ್ಕ’ ಎಂದು ನಮ್ಮ ಅಂಗಡಿ, ಕಚೇರಿಗಳಲ್ಲಿ ತಲೆಮಾರುಗಳಿಂದ ಆಡಿ ಸವೆಸಿದ ಪದವನ್ನು ಇಂದು ಪರಕೀಯವೆಂದು ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸೀಮೆಎಣ್ಣೆಯ ಸಂಗತಿ ಮಾತ್ರ ನಿಜಕ್ಕೂ ಸೊಗಸಾದದ್ದು. ತಮಿಳರೂ ಮಲಯಾಳಿಗಳೂ ಅದನ್ನು ಮಣ್ಣಿನ ಎಣ್ಣೆ ಎಂದು, ಬಂದ ನೆಲವನ್ನು ನೋಡಿ ಹೆಸರಿಸಿದರು; ನಾವು ಪರದೇಶದಿಂದ, ಸೀಮೆಯಿಂದ, ಬಂದದ್ದೆಂದು ಹೆಸರಿಸಿದೆವು.

‘ಉತ್ಪಾದನೆ’ ಸುಳ್ಳು ಎಂಬ ಮಾತು ನಿಲ್ಲುವುದಿಲ್ಲ. ‘ಉತ್’ ಎಂದರೆ ಮೇಲಕ್ಕೆ. ಮೇಲೆ ಬರುವಂತೆ, ಹೊರಡುವಂತೆ ಮಾಡುವುದೇ ಅದರ ಮೂಲಾರ್ಥ. ನೆಲದಡಿಯ ತೈಲಕ್ಕೆ ಇದಕ್ಕಿಂತ ಒಪ್ಪುವ ಧಾತು ಸಿಗುವುದು ಕಷ್ಟ. ‘ತೆಗೆತ’ ಒಂದು ಬಾವಿಯ ಕೆಲಸಕ್ಕೆ ಚೆನ್ನಾಗಿದೆ, ವರ್ಷವರ್ಷದ ಅಂಕಿಗಳ ಫಲಕಕ್ಕೆ ಇನ್ನೂ ಪಳಗಿಲ್ಲ.

ಇನ್ನು ಬತ್ತುವಿಕೆ. ಬತ್ತಿತು ಎಂದರೆ ಒಳಗೆ ಏನೂ ಉಳಿದಿಲ್ಲ ಎಂಬುದು ಪಾತ್ರೆಯ ಅರ್ಥ, ಕನ್ನಡದ ಅರ್ಥವಲ್ಲ. ಹಸುವಿನ ಹಾಲು ಬತ್ತುತ್ತದೆ, ಬಾಣಂತಿಯ ಎದೆಹಾಲು ಬತ್ತುತ್ತದೆ, ಸೆಲೆ ಬತ್ತುತ್ತದೆ. ಎಲ್ಲ ಕಡೆಯೂ ನಿಲ್ಲುವುದು ಬರುವಿಕೆ. ಕೋಲಾರದ ರೈತ ಕೊಳವೆಬಾವಿ ಬತ್ತಿತು ಎನ್ನುವಾಗ ಭೂಮಿಯಲ್ಲಿ ನೀರೇ ಇಲ್ಲ ಎನ್ನುತ್ತಿಲ್ಲ. ಇನ್ನೂ ಆಳಕ್ಕೆ ಕೊರೆಸಿದರೆ ಸಿಕ್ಕೀತು ಎಂಬ ಆಸೆಯಿಂದಲೇ ಮತ್ತೆ ಸಾಲ ಮಾಡುತ್ತಾನೆ. ಅಮೆರಿಕದಲ್ಲಿ ನಡೆದದ್ದೂ ಅದೇ. ಹಳೆಯ ಬಾವಿಗಳು ಬತ್ತಿದವು, ಹೊಸ ವಿಧಾನ ಬೇರೆ ಬಂಡೆಯನ್ನು ತೆರೆಯಿತು. ಆ ಹೊಸ ಬಾವಿಗಳೂ ಮೊದಲ ವರ್ಷದಲ್ಲೇ ಬಹುಪಾಲು ಸೊರಗುವುದರಿಂದ, ಗೆರೆಯನ್ನು ಮೇಲೆ ಹಿಡಿದಿಡಲು ಅವರು ಕೊರೆಯುತ್ತಲೇ ಇರಬೇಕಾಗಿದೆ. ಹೀಗಾಗಿ ‘ಬತ್ತು’ ಬಾವಿಗೆ ಮತ್ತು ಕ್ಷೇತ್ರಕ್ಕೆ ನಿಸ್ಸಂದೇಹವಾಗಿ ಸಲ್ಲುತ್ತದೆ. ದೇಶಕ್ಕೆ ಅದನ್ನು ಹಚ್ಚುವಾಗ ಎಚ್ಚರ ಬೇಕೆಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಎಚ್ಚರ ಏಕೆ ಬೇಕೆಂಬುದಕ್ಕೆ ಬ್ರಿಟನ್ನಿನ ಗೆರೆಗಿಂತ ಒಳ್ಳೆಯ ನಿದರ್ಶನವಿಲ್ಲ. ಅದಕ್ಕೆ ಎರಡು ತುದಿಗಳಿವೆ: 1980ರ ದಶಕದ ನಡುವೆ ಒಂದು, 1999ರಲ್ಲಿ ಇನ್ನೊಂದು. ನಡುವಿನ ತಗ್ಗಿಗೆ ಒಂದು ಮುಖ್ಯ ಕಾರಣ, 1988ರ ಜುಲೈಯಲ್ಲಿ ಪೈಪರ್ ಆಲ್ಫಾ ತೈಲವೇದಿಕೆ ಸ್ಫೋಟಗೊಂಡು 167 ಮಂದಿ ಸತ್ತ ದುರಂತ. ಆಮೇಲೆ ಉತ್ತರ ಸಮುದ್ರದ ವೇದಿಕೆಗಳಲ್ಲಿ ಸುರಕ್ಷತೆಯ ಕೆಲಸಗಳಿಗಾಗಿ ತೈಲ ತೆಗೆಯುವುದನ್ನು ಅಲ್ಲಲ್ಲಿ ನಿಲ್ಲಿಸಬೇಕಾಯಿತು. 1999ರ ನಂತರದ ಇಳಿಜಾರು ಬೇರೆಯದೇ: ಕ್ಷೇತ್ರಗಳು ಮುಪ್ಪಾದವು, ಉತ್ಪಾದನೆ ಕಾಲುಭಾಗದ ಹತ್ತಿರಕ್ಕೆ ಬಂತು. ಒಂದೇ ದೇಶ, ಒಂದೇ ಗೆರೆ, ಎರಡು ಇಳಿಕೆ. ಮೊದಲನೆಯದಕ್ಕೆ ‘ಬತ್ತುವಿಕೆ’ ಎಂದರೆ ಸತ್ತವರಿಗೂ ಅನ್ಯಾಯ, ಭೂಗೋಳಕ್ಕೂ ಅನ್ಯಾಯ.

ಉತ್ತರ

ಹಾಗಿದ್ದರೆ ಭಾರತಕ್ಕೆ ಏನು ಬರೆಯುತ್ತೀರಿ? ಅದನ್ನು ಎಲ್ಲರೂ ಜಾರಿಸಿದ್ದೀರಿ.

ಉತ್ತರ

ಜಾರಿಸಿಲ್ಲ. 1974ರಲ್ಲಿ ಪತ್ತೆಯಾದ ಬಾಂಬೆ ಹೈ ಎಂಬ ಕಡಲ ತೈಲಕ್ಷೇತ್ರ ಹಳೆಯದಾಗುತ್ತ ಬಂದಿತ್ತು. 2009ರಲ್ಲಿ ರಾಜಸ್ಥಾನದ ಬಾಡಮೇರಿನ ತೈಲ ಸೇರಿಕೊಂಡದ್ದರಿಂದ ದೇಶದ ಉತ್ಪಾದನೆ 2011–12ರಲ್ಲಿ ಸುಮಾರು 3.8 ಕೋಟಿ ಟನ್ ಮುಟ್ಟಿ, ಆಮೇಲೆ ಮೆಲ್ಲನೆ ಜಾರಿ 2022–23ರಲ್ಲಿ 3 ಕೋಟಿ ಟನ್ನಿಗಿಂತ ಕೆಳಗೆ ಬಂತು. ಹಠಾತ್ತಾದದ್ದು ಏನೂ ಇಲ್ಲ, ಬೇಕೆಂದು ಇಳಿಸಿದವರೂ ಇಲ್ಲ. ಹಳೆಯ ಕ್ಷೇತ್ರಗಳು ಸೊರಗಿವೆ, ಆ ಪ್ರಮಾಣದ ಹೊಸದು ಸಿಕ್ಕಿಲ್ಲ. ‘ಸೊರಗುವಿಕೆ’ ನನಗೆ ಇಷ್ಟ, ಆದರೆ ಅದು ಗೆರೆಯ ಮಗ್ಗುಲಲ್ಲಿ ಹಿಡಿಸಲಾರದು. ‘ಇಳಿಕೆ’ ಎಂದೇ ಹಾಕಿ. ಈ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನಿಂದ ಬರುವುದರಿಂದ, ಮಂಗಳೂರಿನ ಪ್ರದರ್ಶನದಲ್ಲಿ ಈ ಗೆರೆಗೆ ಕೊಂಚ ದಪ್ಪ ಅಕ್ಷರ ಕೊಡುವುದು ಒಳ್ಳೆಯದು. ಆಮದಾದ ಆ ತೈಲವನ್ನು ಆಪತ್ಕಾಲಕ್ಕೆಂದು ಕೂಡಿಟ್ಟ ಬಂಡೆಯ ಗುಹೆಗಳು ನಿಮ್ಮ ಊರಿನಲ್ಲೂ ಪಾದೂರಿನಲ್ಲೂ ಇವೆ. ಆ ಗುಹೆಗಳ ವಿಷಯ ಬರೆಯುವಾಗ ‘ನಿಕ್ಷೇಪ’ ಎನ್ನಬೇಡಿ. ಭೂಮಿ ಇಟ್ಟದ್ದು ನಿಕ್ಷೇಪ, ಮನುಷ್ಯ ಇಟ್ಟದ್ದು ‘ದಾಸ್ತಾನು’.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞ. ಹೀಗೆ ಕಳುಹಿಸುತ್ತಿದ್ದೇನೆ: ಸೌದಿ ಅರೇಬಿಯಾ – ಕಡಿತ; ವೆನೆಜುವೆಲಾ – ಕುಸಿತ; ಲಿಬಿಯಾ – ಸ್ಥಗಿತ; ಭಾರತ – ಇಳಿಕೆ. ಬ್ರಿಟನ್ನಿನ ಗೆರೆಯಲ್ಲಿ 1988ರ ತಗ್ಗಿಗೆ ‘ದುರಂತ’ ಎಂದೂ, 1999ರ ಮುಂದಕ್ಕೆ ‘ಬತ್ತುವಿಕೆ’ ಎಂದೂ ಎರಡು ಪದಗಳಿಗೆ ಜಾಗ ಮಾಡಿಸಿದ್ದೇನೆ. ಮೆಕ್ಸಿಕೊದಲ್ಲಿ ‘ಬತ್ತುವಿಕೆ’ ಪದವನ್ನು ದೇಶದ ಹೆಸರಿನ ಪಕ್ಕದಲ್ಲಿ ಹಾಕದೆ, ಕಾಂತಾರೆಲ್ ಎಂಬ ಕ್ಷೇತ್ರದ ಹೆಸರಿನ ಪಕ್ಕದಲ್ಲೇ ಹಾಕಿದ್ದೇನೆ. ತಲೆಬರಹ ‘ಕಚ್ಚಾ ತೈಲ ಉತ್ಪಾದನೆ: ಏರಿಳಿತ’ ಎಂದೇ ಉಳಿದಿದೆ.

ಉತ್ತರ

ಒಳಗಿನ ಪದಗಳೆಲ್ಲ ಒಪ್ಪಿಗೆ. ತಲೆಬರಹಕ್ಕೆ ನನ್ನ ವಿರೋಧ ಹಾಗೆಯೇ ಇದೆ. ‘ಏರಿಳಿತ’ದಂಥ ಅಚ್ಚ ಪದ ಸಿಕ್ಕ ಮೇಲೆ ಅದರ ಪಕ್ಕದಲ್ಲಿ ‘ಎಣ್ಣೆ’ಯನ್ನು ಕೂರಿಸಲು ಏನಡ್ಡಿಯಿತ್ತೆಂಬುದಕ್ಕೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ‘ಕಚ್ಚಾ ಎಣ್ಣೆ’ ಎಂದಾದರೂ ಮಾಡಿ. ತಮಿಳರು ಹಾಗೆಯೇ ಬರೆಯುತ್ತಾರೆಂದು ನನ್ನನ್ನು ವಿರೋಧಿಸಿದವರೇ ಹೇಳಿದ್ದಾರೆ. ಮುದ್ರಕರಿಗೆ ಕೊಡಲು ನಾಳೆ ಮಧ್ಯಾಹ್ನದವರೆಗೆ ಸಮಯವಿದೆ.